‘ಕಡಿಮೆ ಅಪಾಯ’ ಅಂದರೆ ಯಾರಿಗೆ ಕಡಿಮೆ? ಹಳೆಯ ವಿಹಾರ ಕೆರೆಗಳು, ಅಣೆಕಟ್ಟುಗಳ ವರ್ಗೀಕರಣ ಮತ್ತು ಗಡಿಯ ಕನ್ನಡ

ಗಡಿಯಾಚೆಯ ಕನ್ನಡ ಅಂದ ಕೂಡಲೇ ನಾವು ಶಾಲೆ, ಶಾಸನ, ಊರ ಹೆಸರು, ಹಾಡು ಇವುಗಳ ಬಗ್ಗೆ ಮಾತಾಡ್ತೀವಿ. ಅಣೆಕಟ್ಟಿನ ಸುರಕ್ಷತೆ ಇಲ್ಲಿಗೆ ಯಾಕೆ ಬಂತು ಅಂತ ನಿಮಗೆ ಅನ್ನಿಸಬಹುದು. ನಾನು ಸಿವಿಲ್ ಎಂಜಿನಿಯರಿಂಗ್ ಓದಿ, ಈಗ ಗಡಿ ಭಾಗದ ನೀರಿನ ಪದಗಳ ಮೇಲೆ ಕೆಲಸ ಮಾಡುತ್ತಿರುವವನು. ಈ ಎರಡೂ ಒಂದೇ ಕಡೆ ಬಂದು ನಿಲ್ಲುವ ಒಂದು ಪದವಿದೆ. ಅದೇ ‘ಲೋ ಹ್ಯಾಜರ್ಡ್’. ಕನ್ನಡದಲ್ಲಿ ಇದನ್ನು ‘ಕಡಿಮೆ ಅಪಾಯ’ ಅಂತ ಬರೆಯುತ್ತೇವೆ. ಕೇಳಿದವರು ‘ಓಹೋ, ಕಟ್ಟೆ ಗಟ್ಟಿಯಾಗಿದೆ’ ಅಂತ ತಿಳಿದುಕೊಳ್ತಾರೆ. ಪದದ ಅರ್ಥ ಅದಲ್ಲವೇ ಅಲ್ಲ. ಇವತ್ತಿನ ನನ್ನ ಮಾತಿನ ತಿರುಳು ಇಷ್ಟೇ: ಈ ವರ್ಗ ಅಣೆಕಟ್ಟಿನ ಬಗ್ಗೆ ಏನೂ ಹೇಳುವುದಿಲ್ಲ, ಅದರ ಕೆಳಗೆ ಇರುವವರ ಬಗ್ಗೆ ಹೇಳುತ್ತದೆ.

ವರ್ಗ ಅಳೆಯುವುದು ಏನನ್ನು?

ಒಂದು ಅಣೆಕಟ್ಟಿನ ಬಗ್ಗೆ ಎರಡು ಬೇರೆ ಬೇರೆ ಪ್ರಶ್ನೆ ಕೇಳಬಹುದು. ಒಂದು, ಇದು ಒಡೆಯುವ ಸಾಧ್ಯತೆ ಎಷ್ಟು? ಇನ್ನೊಂದು, ಒಡೆದರೆ ಏನಾಗುತ್ತದೆ? ಮೊದಲನೆಯದಕ್ಕೆ ಉತ್ತರ ಬೇಕಾದರೆ ಏರಿಯ ಮಣ್ಣು, ಸೋರಿಕೆ, ತೂಬಿನ ಕೊಳವೆ, ಕೋಡಿಯ ಅಗಲ ಇವನ್ನೆಲ್ಲ ನೋಡಬೇಕು. ಎರಡನೆಯದಕ್ಕೆ ಏರಿಗೆ ಬೆನ್ನು ಹಾಕಿ ನಿಂತು, ಕೆಳಗಿನ ಕಣಿವೆಯ ಕಡೆ ನೋಡಬೇಕು. ಹ್ಯಾಜರ್ಡ್ ವರ್ಗೀಕರಣ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ.

ಈ ಪದ್ಧತಿ ಹೆಚ್ಚು ಬಳಕೆಯಲ್ಲಿರುವ ಅಮೆರಿಕದಲ್ಲಿ ಮೂರು ವರ್ಗಗಳಿವೆ. ಒಡೆದರೆ ಒಂದು ಜೀವವಾದರೂ ಹೋಗುವ ಸಂಭವ ಇದ್ದರೆ ಅದು ‘ಹೈ’. ಜೀವಹಾನಿಯ ಸಂಭವವಿಲ್ಲ, ಆದರೆ ರಸ್ತೆ, ಸೇತುವೆ, ಬೆಳೆ, ಪರಿಸರಕ್ಕೆ ದೊಡ್ಡ ನಷ್ಟ ಅನ್ನುವುದಾದರೆ ಅದು ‘ಸಿಗ್ನಿಫಿಕೆಂಟ್’. ಜೀವಹಾನಿಯೂ ಇಲ್ಲ, ನಷ್ಟವೂ ಬಹುಮಟ್ಟಿಗೆ ಮಾಲೀಕನ ಆಸ್ತಿಗೇ ಸೀಮಿತ ಅನ್ನುವುದಾದರೆ ಅದು ‘ಲೋ’.

ಇದರಿಂದ ಹೊರಡುವ ಎರಡು ಮಾತುಗಳನ್ನು ಗಮನಿಸಿ. ಬಿರುಕು ಬಿಟ್ಟ, ಸೋರುವ, ಮರ ಬೆಳೆದು ಬೇರು ಇಳಿದ ಏರಿಯೂ ಕೆಳಗೆ ಬರೀ ಹುಲ್ಲುಗಾವಲು ಇದ್ದರೆ ‘ಕಡಿಮೆ ಅಪಾಯ’ದ್ದೇ. ನಿನ್ನೆ ಕಟ್ಟಿದ ಗಟ್ಟಿಮುಟ್ಟಾದ ಕಾಂಕ್ರೀಟ್ ಅಣೆಕಟ್ಟೂ ಕೆಳಗೆ ಊರಿದ್ದರೆ ‘ಹೆಚ್ಚು ಅಪಾಯ’ದ್ದೇ. ಇದು ಮೊದಲನೆಯದು. ಎರಡನೆಯದು ಇನ್ನೂ ಮುಖ್ಯ. ಅಣೆಕಟ್ಟು ಒಂದಿಂಚೂ ಕದಲದೆ ಹಾಗೇ ಇದ್ದರೂ ಅದರ ವರ್ಗ ಬದಲಾಗಬಹುದು. ಕೆಳಗೆ ಯಾರೋ ಒಬ್ಬರು ಮನೆ ಕಟ್ಟಿದರೆ ಸಾಕು. ಎಂಜಿನಿಯರುಗಳು ಇದನ್ನು ‘ಹ್ಯಾಜರ್ಡ್ ಕ್ರೀಪ್’ ಅನ್ನುತ್ತಾರೆ. ‘ತೆವಳಿ ಬರುವ ಅಪಾಯ’ ಅಂತ ನಾನು ಹೇಳ್ತೀನಿ.

ಇನ್ನೊಂದು ವಿಷಯವನ್ನು ವಿಹಾರ ಕೆರೆಗಳಿಗಾಗಿಯೇ ಹೇಳಬೇಕು. ಜೀವಹಾನಿಯ ಲೆಕ್ಕ ಹಾಕುವಾಗ ಮನೆ, ಶಾಲೆ, ಕೆಲಸದ ಜಾಗ ಇವುಗಳನ್ನು ಎಣಿಸುತ್ತಾರೆ. ಆಗೊಮ್ಮೆ ಈಗೊಮ್ಮೆ ಹಾದುಹೋಗುವವರನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. ಆದರೆ ವಿಹಾರದ ಕೆರೆಗೆ ಜನ ಬರೋದೇ ಹಾಗೆ ಅಲ್ವಾ? ಭಾನುವಾರದ ಸಂಜೆ ಕೋಡಿಯ ಕೆಳಗೆ ಬುತ್ತಿ ಬಿಚ್ಚಿ ಕುಳಿತ ಸಂಸಾರ ಯಾವ ಪಟ್ಟಿಯಲ್ಲಿ ಬರುತ್ತದೆ?

ಒಂದು ಕ್ಲಬ್ಬಿನ ಕೆರೆ

ವಿಹಾರದ ಅಣೆಕಟ್ಟು ಅಂದರೆ ನಿರುಪದ್ರವಿ ಅನ್ನುವ ನಂಬಿಕೆಗೆ ದೊಡ್ಡ ಪೆಟ್ಟು ಕೊಟ್ಟದ್ದು ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್. ಅಲ್ಲಿನ ರಾಜ್ಯ ಸರ್ಕಾರ ದೋಣಿ ಕಾಲುವೆಗೆ ನೀರು ಒದಗಿಸಲು 1838ರಲ್ಲಿ ಮಣ್ಣಿನ ಅಣೆಕಟ್ಟಿನ ಕೆಲಸ ಶುರು ಮಾಡಿತು. ಎತ್ತರ 72 ಅಡಿ, ಉದ್ದ 931 ಅಡಿ. ಅದು ಮುಗಿಯುವ ಹೊತ್ತಿಗೆ ರೈಲು ಬಂದು, ಕಾಲುವೆ ಬೇಡವಾಯಿತು. 1862ರಲ್ಲಿ ಒಮ್ಮೆ ಒಡೆಯಿತು. ನೀರು ಕಡಿಮೆ ಇದ್ದದ್ದರಿಂದ ಕೆಳಗೆ ಹೆಚ್ಚೇನೂ ಆಗಲಿಲ್ಲ. ಆಮೇಲೆ ಕೊಂಡ ಒಬ್ಬ ಮಾಲೀಕ ತೂಬಿನ ಎರಕದ ಕಬ್ಬಿಣದ ಕೊಳವೆಗಳನ್ನು ಕಿತ್ತು ಮಾರಿದ. 1879ರಲ್ಲಿ ಅದು ಶ್ರೀಮಂತರ ಮೀನುಗಾರಿಕೆ ಮತ್ತು ಬೇಟೆ ಕ್ಲಬ್ಬಿನ ಕೈಗೆ ಬಂತು. ಕಾರ್ನೆಗಿ, ಫ್ರಿಕ್ ಮುಂತಾದ ಉಕ್ಕಿನ ಧಣಿಗಳು ಅದರ ಸದಸ್ಯರು.

ವಿಹಾರಕ್ಕಾಗಿ ಅವರು ಮಾಡಿಕೊಂಡ ಬದಲಾವಣೆಗಳನ್ನು ನೋಡಿ. ಏರಿಯ ಮೇಲೆ ಸಾರೋಟು ಓಡಾಡಲು ಅಗಲ ಬೇಕೆಂದು ನೆತ್ತಿಯನ್ನು ತಗ್ಗಿಸಿದರು. ಬಿಟ್ಟ ಮೀನು ಹೊರಗೆ ಹೋಗಬಾರದೆಂದು ಕೋಡಿಗೆ ಜಾಲರಿ ಹಾಕಿದರು. ಕಿತ್ತ ಕೊಳವೆಗಳನ್ನು ಮತ್ತೆ ಹಾಕಿಸಲಿಲ್ಲ. ಅಂದರೆ ತೂಬೂ ಇಲ್ಲ, ಕೋಡಿಯೂ ಅರ್ಧ ಮುಚ್ಚಿದೆ, ಏರಿಯೂ ಕುಳ್ಳಾಗಿದೆ. 1880ರಲ್ಲಿ ಕೆಳಗಿನ ಉಕ್ಕಿನ ಕಾರ್ಖಾನೆಯವರು ತಮ್ಮ ಎಂಜಿನಿಯರ್ ಜಾನ್ ಫುಲ್ಟನ್ ಅವರನ್ನು ಕಳಿಸಿದರು. ನೀರು ಇಳಿಸಿ ದುರಸ್ತಿ ಮಾಡಲು ದಾರಿಯೇ ಇಲ್ಲ ಅಂತ ಅವರು ಹೇಳಿದರು. ಭಯಪಡುವಂಥದ್ದೇನೂ ಇಲ್ಲ ಅನ್ನುವುದು ಕ್ಲಬ್ಬಿನ ಉತ್ತರವಾಗಿತ್ತು.

1889ರ ಮೇ 31ರ ಮಧ್ಯಾಹ್ನ, ಭಾರಿ ಮಳೆಯ ಮರುದಿನ, ನೀರು ಏರಿಯ ಮೇಲೆ ಹರಿದು ಕಟ್ಟೆ ಒಡೆಯಿತು. 14 ಮೈಲಿ ಕೆಳಗಿದ್ದ ಜಾನ್ಸ್‌ಟೌನ್‌ಗೆ ಸುಮಾರು ಒಂದು ಗಂಟೆಯಲ್ಲಿ ನೀರು ಮುಟ್ಟಿತು. 2,200ಕ್ಕೂ ಹೆಚ್ಚು ಜನ ಸತ್ತರು. ಕಾಲುವೆಯ ಕಾಲದಲ್ಲಿ ಆ ಕಣಿವೆ ಅಷ್ಟು ದಟ್ಟವಾಗಿರಲಿಲ್ಲ. ಉಕ್ಕಿನ ಕಾರ್ಖಾನೆ ಬೆಳೆದಂತೆ ಊರು ಬೆಳೆದು, 1889ರ ಹೊತ್ತಿಗೆ ಅಲ್ಲಿ ಸುಮಾರು 30,000 ಜನ ಇದ್ದರು. ತೆವಳಿ ಬರುವ ಅಪಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಆದರೂ ಅಮೆರಿಕದ ಫೆಡರಲ್ ಸರ್ಕಾರ ಖಾಸಗಿ ಅಣೆಕಟ್ಟುಗಳ ತಪಾಸಣೆಯನ್ನು ಗಂಭೀರವಾಗಿ ತೆಗೆದುಕೊಂಡದ್ದು 1977ರಲ್ಲಿ. ಆ ವರ್ಷ ನವೆಂಬರ್ 6ರ ನಸುಕಿನಲ್ಲಿ ಜಾರ್ಜಿಯಾದ ಟೊಕೋವಾ ಬಳಿಯ ಕೆಲ್ಲಿ ಬಾರ್ನ್ಸ್ ಅಣೆಕಟ್ಟು ಒಡೆದು, ಕೆಳಗಿನ ಕಾಲೇಜು ಆವರಣದಲ್ಲಿ 39 ಜನ ಸತ್ತರು. ಎತ್ತರ ಸುಮಾರು 40 ಅಡಿ ಮಾತ್ರ. ವಿದ್ಯುತ್ತಿಗೆಂದು ಕಟ್ಟಿ, ವಿದ್ಯುತ್ ಬೇಡವಾದ ಮೇಲೆ ವಿಹಾರಕ್ಕೆ ಉಳಿದಿದ್ದ ಕೆರೆ ಅದು. ಎರಡೂ ಕಥೆಗಳಲ್ಲಿ ಸಾಮಾನ್ಯವಾದ ಅಂಶ ಇದು: ಮೂಲ ಉದ್ದೇಶ ಮುಗಿದಾಗ, ನಿತ್ಯ ನೀರು ಬಿಡುವ, ತೂಬು ಎತ್ತುವ, ಏರಿ ಸುತ್ತುವ ಕೈಗಳು ಹೋಗುತ್ತವೆ. ಕೆರೆ ಮಾತ್ರ ತುಂಬಿಯೇ ಇರುತ್ತದೆ. ಯಾಕೆಂದರೆ ವಿಹಾರಕ್ಕೆ ತುಂಬಿದ ಕೆರೆಯೇ ಚೆಂದ.

ನಮ್ಮ ನೀಲಗಿರಿಯ ಕೆರೆ

ಈಗ ಮನೆಯ ಹತ್ತಿರ ಬರೋಣ. ಊಟಿ ಕೆರೆಯನ್ನು ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲ್ಲಿವನ್ 1823ರಿಂದ 1825ರ ನಡುವೆ ಕಟ್ಟಿಸಿದರು. ಬೆಟ್ಟದ ತೊರೆಗಳಿಗೆ ಅಡ್ಡ ಏರಿ ಹಾಕಿ ನಿಲ್ಲಿಸಿದ ನೀರು ಅದು. ಈಗಿನ ವಿಸ್ತೀರ್ಣ ಸುಮಾರು 65 ಎಕರೆ. ಇವತ್ತು ದೋಣಿ, ಪುಟಾಣಿ ರೈಲು, ಜೋಳದ ಅಂಗಡಿ ಇವೆಲ್ಲ ಸೇರಿ ಪೂರ್ತಿ ವಿಹಾರದ ಜಾಗ. ತೋಡರು, ಕೋತರು, ಕುರುಂಬರು, ಬಡಗರು ಇರುವ ಆ ಬೆಟ್ಟದಲ್ಲಿ ನಮ್ಮ ಮಾಲಿಕೆಗೆ ಹತ್ತಿರದವರು ಬಡಗರು. ಅವರ ಮಾತನ್ನು ಕೆಲವರು ಕನ್ನಡದ ಉಪಭಾಷೆ ಅನ್ನುತ್ತಾರೆ, ಕೆಲವರು ಕನ್ನಡದ ಸೋದರ ಭಾಷೆ ಅನ್ನುತ್ತಾರೆ. ‘ಬಡಗ’ ಅಂದರೆ ಬಡಗಣ ದಿಕ್ಕಿನವರು, ಉತ್ತರದಿಂದ ಬಂದವರು.

ಊಟಿ ಕೆರೆಯ ಏರಿ ಹಿಂದೆ ಮೂರು ಬಾರಿ ನೀರು ಉಕ್ಕಿ ಒಡೆದು, ಕೆರೆ ಬರಿದಾದದ್ದು ದಾಖಲಾಗಿದೆ. ಇದನ್ನು ಒಂದು ಲೆಕ್ಕದ ಜತೆ ಇಟ್ಟು ನೋಡೋಣ. ಭಾರತೀಯ ಮಾನಕ 11223ರ ಪ್ರಕಾರ ಚಿಕ್ಕ ಅಣೆಕಟ್ಟುಗಳ ಕೋಡಿಯನ್ನು ‘100 ವರ್ಷದ ಪ್ರವಾಹ’ಕ್ಕೆ ತಕ್ಕಂತೆ ಲೆಕ್ಕ ಹಾಕುತ್ತಾರೆ. ಇದನ್ನು ಕೇಳಿದವರು ನೂರು ವರ್ಷಕ್ಕೆ ಒಂದು ಸಲ ಬರುವ ನೆರೆ ಅಂದುಕೊಳ್ತಾರೆ. ಹಾಗಲ್ಲ. ಪ್ರತಿ ವರ್ಷವೂ ಅಂಥ ನೆರೆ ಬರುವ ಸಾಧ್ಯತೆ ನೂರರಲ್ಲಿ ಒಂದು ಅಂತ ಅರ್ಥ. ಹೀಗಾಗಿ 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 26. ನೂರು ವರ್ಷದಲ್ಲಿ ನೂರಕ್ಕೆ 63. ಇನ್ನೂರು ವರ್ಷದಲ್ಲಿ ನೂರಕ್ಕೆ 87. ‘ಇಷ್ಟು ವರ್ಷ ನಿಂತಿದೆ, ಇನ್ನೂ ನಿಲ್ಲುತ್ತೆ’ ಅನ್ನುವುದು ಹಳೆಯ ಕೆರೆಯ ವಿಷಯದಲ್ಲಿ ಸರಿಯಾದ ತರ್ಕವಲ್ಲ. ಹೆಚ್ಚು ವರ್ಷ ನಿಂತದ್ದು ಹೆಚ್ಚು ಸಲ ಪರೀಕ್ಷೆಗೆ ಕೂರುತ್ತದೆ, ಅಷ್ಟೇ.

ಊಟಿ ಕೆರೆಗೆ ಇಂಥ ವರ್ಗ ಅಂತ ಹಚ್ಚುವುದು ನನ್ನ ಉದ್ದೇಶವಲ್ಲ. ವರ್ಗ ಕೇಳುವ ಪ್ರಶ್ನೆ ಅಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಬೇಕಿದೆ. ಆ ಕೆರೆಯ ಹೆಚ್ಚುವರಿ ನೀರು ಕಾಮರಾಜ ಸಾಗರದ ಕಡೆಗೆ, ಮುಂದೆ ಮೋಯಾರ್ ಕಡೆಗೆ ಇಳಿಯುತ್ತದೆ. ಮೋಯಾರ್ ತನ್ನ ಹಾದಿಯಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿಯೇ ಆಗಿ ಹರಿದು, ಭವಾನಿಸಾಗರ ಸೇರುತ್ತದೆ. ಹಾಗಾದರೆ ‘ಕೆಳಗೆ ಏನಿದೆ’ ಅನ್ನುವ ಪ್ರಶ್ನೆಯನ್ನು ಎಲ್ಲಿಯವರೆಗೆ ಕೇಳಬೇಕು? ಕೆಳಗೆ ಇನ್ನೊಂದು ಅಣೆಕಟ್ಟು ಇದ್ದರೆ ಅದು ಮೇಲಿನ ನೀರನ್ನು ನುಂಗಿಕೊಳ್ಳುತ್ತದೋ, ಅಥವಾ ಅದೂ ಉಕ್ಕುತ್ತದೋ ಅನ್ನುವುದನ್ನೂ ಲೆಕ್ಕಕ್ಕೆ ತರಬೇಕು. ಸಾಲುಕೆರೆಗಳ ನಾಡಿನವರಾದ ನಮಗೆ ಇದು ಹೊಸದಲ್ಲ. ಮೇಲಿನ ಕೆರೆ ಒಡೆದರೆ ಕೆಳಗಿನ ಕೆರೆಯ ಗತಿ ಏನು ಅಂತ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು.

ಇನ್ನೊಂದು ಕಡೆಯೂ ಇದೆ. ಊಟಿಯ ಕುದುರೆ ಪಂದ್ಯದ ಮೈದಾನ, ಬಸ್ ನಿಲ್ದಾಣ ಇರುವ ನೆಲ ಒಂದು ಕಾಲಕ್ಕೆ ಕೆರೆಯ ಅಂಗಳವೇ. ಕೆರೆ ಚಿಕ್ಕದಾಯಿತು, ಊರು ಅದರೊಳಕ್ಕೆ ಇಳಿಯಿತು. ಕೋಡಪ್ಪಮಂದ್ ಕಾಲುವೆ ಹೊತ್ತು ತರುವ ಹೂಳು ಮತ್ತು ಕೊಳಚೆ ಉಳಿದ ಜಾಗವನ್ನೂ ತಿನ್ನುತ್ತಿದೆ. ಕೆರೆಯ ಒಡಲು ಕುಗ್ಗಿದರೆ ಒಡೆದಾಗ ಹೊರಬರುವ ನೀರು ಕಡಿಮೆ, ನಿಜ. ಆದರೆ ಮಳೆಯ ನೀರನ್ನು ತಡೆದಿಟ್ಟುಕೊಳ್ಳುವ ಜಾಗವೂ ಕಡಿಮೆ. ಕೋಡಿ ಬೇಗ ಹರಿಯುತ್ತದೆ, ಮೇಲ್ಭಾಗದಲ್ಲೂ ನೀರು ನಿಲ್ಲುತ್ತದೆ. ಅಣೆಕಟ್ಟು ಒಡೆದರೆ ಏನು ಅಂತ ಕೆಳಮುಖವಾಗಿ ಮಾತ್ರ ನೋಡುವ ವರ್ಗಕ್ಕೆ ಈ ಮೇಲ್ಭಾಗದ ತೊಂದರೆ ಕಾಣುವುದಿಲ್ಲ.

ಕಾನೂನಿನ ಅಳತೆಗೋಲು

ಭಾರತದಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ಅದು ಎಲ್ಲ ಕಟ್ಟೆಗಳಿಗೂ ಅನ್ವಯಿಸುವುದಿಲ್ಲ. ಬುನಾದಿಯ ತಳದಿಂದ ಅಳೆದಾಗ 15 ಮೀಟರ್‌ಗಿಂತ ಎತ್ತರದವು ತಾವಾಗಿಯೇ ಒಳಗೆ ಬರುತ್ತವೆ. 10ರಿಂದ 15 ಮೀಟರ್ ಇದ್ದರೆ ಇನ್ನೊಂದು ಷರತ್ತು ಬೇಕು: ಏರಿಯ ಉದ್ದ 500 ಮೀಟರ್‌ಗೆ ಕಡಿಮೆ ಇರಬಾರದು, ಅಥವಾ ಸಂಗ್ರಹ 10 ಲಕ್ಷ ಘನ ಮೀಟರ್‌ಗೆ ಕಡಿಮೆ ಇರಬಾರದು, ಅಥವಾ ಸೆಕೆಂಡಿಗೆ 2,000 ಘನ ಮೀಟರ್ ಪ್ರವಾಹವನ್ನು ನಿಭಾಯಿಸುವಂಥದ್ದಾಗಿರಬೇಕು, ಅಥವಾ ಬುನಾದಿ ತೀರಾ ಕಷ್ಟದ್ದಾಗಿರಬೇಕು, ಇಲ್ಲವೇ ವಿನ್ಯಾಸ ಅಸಾಮಾನ್ಯವಾಗಿರಬೇಕು. 10 ಮೀಟರ್‌ಗಿಂತ ಕುಳ್ಳಾದ ಕಟ್ಟೆ ಈ ಕಾಯ್ದೆಯ ಹೊರಗೆ.

ಈ ಕಾಯ್ದೆಯಲ್ಲಿ ನನಗೆ ಇಷ್ಟವಾದ ಒಂದು ವಿಷಯ ಇದೆ. ಅದು ಅಣೆಕಟ್ಟಿನ ದೌರ್ಬಲ್ಯ ಮತ್ತು ಅದರಿಂದ ಕೆಳಗೆ ಆಗಬಹುದಾದ ಹಾನಿ ಎರಡನ್ನೂ ಬೇರೆ ಬೇರೆ ಹೆಸರಿನಿಂದ ಕರೆದು, ರಾಜ್ಯದ ಅಣೆಕಟ್ಟು ಸುರಕ್ಷತಾ ಸಂಸ್ಥೆ ಎರಡನ್ನೂ ವರ್ಗೀಕರಿಸಬೇಕು ಅನ್ನುತ್ತದೆ. ಆದರೆ ಬಾಗಿಲಲ್ಲಿ ನಿಂತು ಯಾರು ಒಳಗೆ ಬರಬೇಕು ಅಂತ ತೀರ್ಮಾನಿಸುವಾಗ ಅದು ಕೇಳುವುದು ಎತ್ತರ, ಉದ್ದ, ಸಂಗ್ರಹ. ಕೆಳಗೆ ಎಷ್ಟು ಮನೆ ಇದೆ ಅಂತ ಬಾಗಿಲಲ್ಲಿ ಕೇಳುವುದಿಲ್ಲ. ಅಂದರೆ 9 ಮೀಟರ್ ಎತ್ತರದ ಹಳೆಯ ಕೆರೆಯ ಕೆಳಗೆ ಹೊಸ ಬಡಾವಣೆ ಬಂದರೆ, ಅದು ಈ ಕಾಯ್ದೆಯ ಕಣ್ಣಿಗೆ ಬೀಳುವುದೇ ಇಲ್ಲ. ವಿಹಾರಕ್ಕೆ ಉಳಿದ ಹಳೆಯ ಕೆರೆಗಳಲ್ಲಿ ಬಹಳಷ್ಟು ಈ ಎತ್ತರದವೇ. ವೇಗವಾಗಿ ಹರಿಯುವ ನೀರು ಮೊಣಕಾಲುದ್ದ ಇದ್ದರೂ ಮನುಷ್ಯನನ್ನು ಬೀಳಿಸುತ್ತದೆ ಅನ್ನುವುದು ಮಾತ್ರ ಎತ್ತರ ಕೇಳಿ ಬದಲಾಗುವುದಿಲ್ಲ.

ಎರಡು ರಾಜ್ಯದ ಎಲ್ಲೆ ಎಂಬ ದೋಷ

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಸಂಸ್ಕೃತ ಶಾಸನ ಇದೆ. ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಯ 6 ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಏರಿ ಸೋರುವುದು, ಉಪ್ಪು ಮಣ್ಣು ಇವುಗಳ ಜತೆಗೇ ಒಂದು ದೋಷ ಬರುತ್ತದೆ: ಎರಡು ರಾಜ್ಯಗಳ ಎಲ್ಲೆಯಲ್ಲಿ ಇರುವುದು. ಮಣ್ಣಿನ ದೋಷದ ಸಾಲಿನಲ್ಲೇ ಆಡಳಿತದ ದೋಷವನ್ನೂ ಕೂರಿಸಿದ ಆ ಬುದ್ಧಿಗೆ ನಾನು ಕೈ ಮುಗೀತೀನಿ. ಎಲ್ಲೆಯ ಕೆರೆಯನ್ನು ಯಾರು ನೋಡಿಕೊಳ್ಳಬೇಕು ಅನ್ನುವುದು ಆಗಲೂ ಜಗಳದ ವಿಷಯ. ಈಗಿನ ಕಾಯ್ದೆಯೂ ಎರಡು ರಾಜ್ಯಕ್ಕೆ ಚಾಚಿದ ಅಣೆಕಟ್ಟನ್ನು, ಒಂದು ರಾಜ್ಯ ಇನ್ನೊಂದರ ನೆಲದಲ್ಲಿ ಹೊಂದಿರುವ ಅಣೆಕಟ್ಟನ್ನು ರಾಷ್ಟ್ರೀಯ ಪ್ರಾಧಿಕಾರದ ಕೈಗೆ ಕೊಡುತ್ತದೆ.

ಆದರೆ ಭಾಷೆಯ ಎಲ್ಲೆಗೆ ಪ್ರಾಧಿಕಾರ ಇಲ್ಲ. ಇಲ್ಲೇ ನಮ್ಮ ಕೆಲಸ ಇರೋದು. ಕನ್ನಡದಲ್ಲಿ ‘ಕೆರೆ’ ಅಂದರೆ ನೀರು ನಿಲ್ಲುವ ಜಾಗ, ‘ಏರಿ’ ಅಂದರೆ ಅದರ ಕಟ್ಟೆ. ತಮಿಳಿನಲ್ಲಿ ‘ಏರಿ’ ಅಂದರೆ ಕೆರೆಯೇ, ‘ಕರೈ’ ಅಂದರೆ ದಡ ಅಥವಾ ಕಟ್ಟೆ. ನಮ್ಮ ‘ಕೆರೆಯೇರಿ’ ಅವರ ‘ಏರಿಕ್ಕರೈ’. ಕಿವಿಗೆ ಪದಗಳು ಅದಲು ಬದಲಾದಂತೆ ಕೇಳುತ್ತವೆ, ಅರ್ಥ ಒಂದೇ. ಮೂಲ ಒಂದೇ ಅಂತ ನಾನು ಹೇಳ್ತಿಲ್ಲ, ಕಿವಿಯ ಮಾತು ಹೇಳ್ತಿದೀನಿ. ತಮಿಳಿನ ನೆರೆ ಎಚ್ಚರಿಕೆಗಳಲ್ಲಿ ‘ಕರೈಯೋರ ಮಕ್ಕಳ್’ ಅನ್ನುವ ಮಾತು ಸಾಮಾನ್ಯ. ನದಿಯ ದಡದ ಜನ ಅಂತ ಅರ್ಥ. ತಾಳವಾಡಿಯ ಅಥವಾ ಹೊಸೂರಿನ ಕನ್ನಡದ ಅಜ್ಜಿಗೆ ಧ್ವನಿವರ್ಧಕದಲ್ಲಿ ಅದು ‘ಕೆರೆಯೋರ’ ಅಂತ ಕೇಳಿಸಬಹುದು. ‘ನಮ್ಮ ಮನೆ ಕೆರೆಯ ಪಕ್ಕ ಇಲ್ಲವಲ್ಲ, ಹಳ್ಳದ ಪಕ್ಕ ಇರೋದು’ ಅಂತ ಆಕೆ ಕದ ಹಾಕಿಕೊಂಡರೆ?

ಸೊಲ್ಲಾಪುರದ ಕಡೆ ಮರಾಠಿಯಲ್ಲಿ ಅಣೆಕಟ್ಟಿನಿಂದ ನೀರು ಬಿಡುವುದಕ್ಕೆ ‘ವಿಸರ್ಗ’ ಅನ್ನುತ್ತಾರೆ. ಉಜನಿ ಅಣೆಕಟ್ಟಿನ ‘ವಿಸರ್ಗ’ ಹೆಚ್ಚಾದರೆ ಭೀಮಾ ತೀರದ ಎರಡೂ ಭಾಷೆಯ ಊರುಗಳಿಗೆ ನೀರು ಬರುತ್ತದೆ. ಕನ್ನಡ ಶಾಲೆಯಲ್ಲಿ ಓದಿದವನಿಗೆ ವಿಸರ್ಗ ಅಂದರೆ ಅಕ್ಷರದ ಪಕ್ಕದ ಎರಡು ಸೊನ್ನೆ. ರಾಯದುರ್ಗ, ಮಡಕಶಿರದ ಕಡೆ ತೆಲುಗಿನ ‘ಚೆರುವು’, ‘ಕಟ್ಟ’, ‘ತೂಮು’ ನಮ್ಮವರಿಗೆ ಸಲೀಸು. ಆದರೆ ‘ಅಲುಗು’ ಹರಿಯಿತು ಅಂದರೆ ಕೋಡಿ ಬಿತ್ತು ಅಂತ ಅರ್ಥ ಆಗಬೇಕು, ಕತ್ತಿಯ ಅಲುಗು ಅಂತ ಅಲ್ಲ. ಅಲ್ಲಿ ಬಾಳಿದವರು ಇದನ್ನೆಲ್ಲ ಕಲಿತಿರುತ್ತಾರೆ, ಒಪ್ಪುತ್ತೇನೆ. ನೆರೆ ಬರುವ ರಾತ್ರಿ ಕಲಿಕೆಯ ಮೇಲೆ ಭಾರ ಹಾಕಬಾರದು ಅನ್ನುವುದಷ್ಟೇ ನನ್ನ ಮಾತು.

ಆದ್ದರಿಂದ ಎರಡು ಸಲಹೆ. ಒಂದು, ‘ಲೋ ಹ್ಯಾಜರ್ಡ್’ ಅನ್ನು ‘ಕಡಿಮೆ ಅಪಾಯ’ ಅಂತ ಅನುವಾದಿಸುವುದನ್ನು ಬಿಡೋಣ. ‘ಒಡೆದರೆ ಕೆಳಗೆ ಹಾನಿ ಕಡಿಮೆ’ ಅಂತ ಬಿಡಿಸಿ ಹೇಳೋಣ. ಉದ್ದವಾಯಿತು ನಿಜ, ಆದರೆ ‘ಒಡೆದರೆ’ ಅನ್ನುವ ಪದ ಅದರಲ್ಲಿ ಕಾಣಬೇಕು. ಎರಡು, ಕಾಯ್ದೆ ಪ್ರತಿ ಅಣೆಕಟ್ಟಿಗೂ ತುರ್ತು ಕ್ರಿಯಾ ಯೋಜನೆ ಬೇಕು ಅನ್ನುತ್ತದೆ. ಗಡಿ ಭಾಗದಲ್ಲಿ ಆ ಯೋಜನೆಯ ಎಚ್ಚರಿಕೆಯ ವಾಕ್ಯಗಳನ್ನು ಅಲ್ಲಿಯ ಕನ್ನಡದಲ್ಲಿ, ಬಡಗದಲ್ಲಿ ಮೊದಲೇ ಬರೆದಿಟ್ಟು, ಊರಿನವರಿಗೆ ಓದಿ ಹೇಳಿ, ಅರ್ಥವಾಯಿತೇ ಅಂತ ನೋಡಬೇಕು. ಈ ಕೆಲಸ ಎಂಜಿನಿಯರಿನಿಂದ ಒಬ್ಬನಿಂದಲೇ ಆಗದು. ಕನ್ನಡ ವಿಭಾಗದ ವಿದ್ಯಾರ್ಥಿಗಳು ಬೇಕು.

ಚರ್ಚೆಯಿಂದ

ಒಬ್ಬ ವಿದ್ಯಾರ್ಥಿನಿ ಕೇಳಿದರು: ಹಾಗಾದರೆ ಕಡಿಮೆ ವರ್ಗದ ಕೆರೆಗೆ ತಪಾಸಣೆಯೇ ಬೇಡವೇ? ಬೇಕು. ವರ್ಗ ಹೇಳುವುದು ಎಷ್ಟು ಸಲ, ಎಷ್ಟು ಆಳವಾಗಿ ಅನ್ನುವುದನ್ನು. ಹಣ, ಜನ ಕಡಿಮೆ ಇರುವಾಗ ಮೊದಲು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸಲು ಈ ವರ್ಗ ಒಳ್ಳೆಯ ಸಾಧನ. ಅದನ್ನು ಪ್ರಮಾಣಪತ್ರ ಅಂತ ಗೋಡೆಗೆ ತೂಗುಹಾಕಿದಾಗ ಕೆಡುತ್ತದೆ.

ಇನ್ನೊಬ್ಬರು, ಎಂಜಿನಿಯರ್ ಅಲ್ಲದವರು ಏನು ನೋಡಬಹುದು ಅಂದರು. ಕೋಡಿಗೆ ಅಡ್ಡ ಏನಾದರೂ ಬಂದಿದೆಯೇ, ಅಂಗಡಿ, ಜಾಲರಿ, ಹೂಳು? ಏರಿಯ ಹೊರಮೈಯಲ್ಲಿ ಬೇಸಿಗೆಯಲ್ಲೂ ಹಸಿರಾಗಿರುವ ಒದ್ದೆ ಜಾಗ ಇದೆಯೇ? ಸೋರುವ ನೀರು ತಿಳಿಯಾಗಿದೆಯೇ, ಮಣ್ಣು ಹೊತ್ತು ಬರುತ್ತಿದೆಯೇ? ಕದಡಿದ ನೀರು ಅಂದರೆ ಒಳಗೆ ಮಣ್ಣು ಕೊರೆಯುತ್ತಿದೆ ಅಂತ. ಏರಿಯ ನೆತ್ತಿ ಎಲ್ಲಾದರೂ ತಗ್ಗಿದೆಯೇ? ದೊಡ್ಡ ಮರಗಳಿವೆಯೇ? ಸತ್ತ ಮರದ ಬೇರು ಕೊಳೆತರೆ ನೀರಿಗೆ ಅದೇ ದಾರಿ. ತೂಬು ಕೊನೆಯ ಸಲ ಎತ್ತಿದ್ದು ಯಾವಾಗ? ಇಷ್ಟು ನೋಡಿದ ಮೇಲೆ ತಿರುಗಿ ನಿಂತು, ಹತ್ತು ವರ್ಷದ ಹಿಂದೆ ಇಲ್ಲದ ಯಾವ ಸೂರು ಈಗ ಕೆಳಗೆ ಕಾಣುತ್ತಿದೆ ಅಂತ ಎಣಿಸಿ. ಆ ಎಣಿಕೆ ಕಡತದಲ್ಲಿರುವ ವರ್ಗಕ್ಕಿಂತ ಹೊಸದಾಗಿರುತ್ತದೆ.